ಆಡದೆ ಕಳೆದ ಋತುವಿನ ಲೆಕ್ಕ

ಆರೋಗ್ಯವೇ ಭಾಗ್ಯವೆಂಬುದು ನಿರ್ವಿವಾದ. 1934-35ರಲ್ಲಿ ಆರಂಭವಾದ ರಣಜಿ ಟ್ರೋಫಿಯು ಕೋವಿಡ್ ಪಿಡುಗಿನಿಂದಾಗಿ 2020-21ರಲ್ಲಿ ಮೊದಲ ಬಾರಿಗೆ ನಡೆಯಲಿಲ್ಲ. ತವರಿನ ಕರ್ನಾಟಕ ತಂಡಕ್ಕೂ ನೆಲೆಸಿದ ಊರಿನ ಹೈದರಾಬಾದ್ ತಂಡಕ್ಕೂ ಒಂದೇ ಗತಿ. ಆ ನಿರ್ಧಾರವನ್ನು ತಪ್ಪೆನ್ನಲಾಗದು; ಆದರೆ ಅದರ ಬೆಲೆ ತೆತ್ತವರು ಯಾರು?

ಉಳಿದದ್ದು ಅಲ್ಪಾವಧಿಯ ಪಂದ್ಯಗಳು ಮಾತ್ರ. ಕರ್ನಾಟಕವು ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಕ್ವಾರ್ಟರ್‌ಫೈನಲಿನಲ್ಲಿ ಪಂಜಾಬಿಗೂ, ವಿಜಯ್ ಹಜಾರೆ ಟ್ರೋಫಿಯ ಸೆಮಿಫೈನಲಿನಲ್ಲಿ ಮುಂಬಯಿಗೂ ಮಣಿಯಿತು. ಹಜಾರೆ ಪಂದ್ಯಾವಳಿಯಲ್ಲಿ ದೇವದತ್ತ ಪಡಿಕ್ಕಲ್ ಸತತ ನಾಲ್ಕು ಶತಕಗಳೊಡನೆ 737 ರನ್ ಗಳಿಸಿದುದೇ ಸಮಾಧಾನ.

ಹೆಸರಾಂತ ಆಟಗಾರನಿಗೆ ಐ.ಪಿ.ಎಲ್. ವರಮಾನವುಂಟು. ಆ ಅವಕಾಶವಿಲ್ಲದವನಿಗೆ ರಣಜಿ ಪಂದ್ಯಗಳ ಸಂಭಾವನೆಯೇ ಮುಖ್ಯ ಆಧಾರ. 2019-20ರಲ್ಲಿ ಆಡಿದವರಿಗೆ ಪಂದ್ಯ ಶುಲ್ಕದ ಶೇಕಡ 50ರಷ್ಟನ್ನು ಪರಿಹಾರವಾಗಿ ನೀಡುವುದೆಂದು ಕ್ರಿಕೆಟ್ ಮಂಡಳಿ ಘೋಷಿಸಿದ್ದು 2021ರ ಸೆಪ್ಟೆಂಬರಿನಲ್ಲಿ. ಕಾರ್ಯ ಸ್ತುತ್ಯವೇ, ಆದರೆ ತಡವಾಯಿತು. ಮೇಲಾಗಿ, ರದ್ದಾದ ವರ್ಷದಲ್ಲಿಯೇ ಮೊದಲ ಪಂದ್ಯವಾಡಬೇಕಿದ್ದ ತರುಣನಿಗೆ ಆ ಲೆಕ್ಕದಲ್ಲಿ ಸ್ಥಾನವೇ ಇರಲಿಲ್ಲ.

ಗೃಹಸ್ಥನು ಆಪತ್ಕಾಲಕ್ಕೆಂದು ನಾಲ್ಕು ಕಾಸು ಕೂಡಿಡುತ್ತಾನೆ. ಅಂತೆಯೇ, ಪಂದ್ಯಗಳು ನಿಂತರೆ ಯಾರಿಗೆ ಎಷ್ಟು, ಎಂದು ಸಲ್ಲಬೇಕೆಂಬುದನ್ನು ವಿಪತ್ತಿಗೆ ಮುನ್ನವೇ ಬರೆದಿಡುವುದು ಲೇಸು. ಜೀವವನ್ನು ಕಾಯುವ ಕ್ರಮವು ಜೀವನವನ್ನೂ ಕಾಯಬೇಕು.