ಕುರ್ತುಬಾದ ಪೆಟ್ಟಿಗೆ, ಮಂಡಿ ಮೊಹಲ್ಲಾದ ಹಲಗೆ

ಮೀಲಾದ್ ತಿಂಗಳು ಬಂತೆಂದರೆ ನಮ್ಮ ಗೆಜ್ಜಲಗೆರೆಯ ಸುತ್ತಮುತ್ತ, ಮದ್ದೂರಿನಿಂದ ಮಂಡ್ಯದವರೆಗೆ, ಎಲ್ಲ ವೇದಿಕೆಗಳ ಮೇಲೂ ಸ್ಪೇನ್ ದೇಶ ಎದ್ದು ನಿಲ್ಲುತ್ತದೆ. ಕುರ್ತುಬಾದ ಮಸೀದಿ, ಅಲ್ಲಿನ ಗ್ರಂಥಾಲಯ, ಬೀದಿದೀಪಗಳು ಎಂದು ಭಾಷಣಕಾರರು ಎದೆಯುಬ್ಬಿಸಿ ಹೇಳುತ್ತಾರೆ. ಉರ್ದು ಶಾಲೆಯಲ್ಲಿ ಓದಿದ ನಾವೂ ಇದನ್ನು ಕೇಳಿ ರೋಮಾಂಚನಗೊಂಡವರೇ. ಇನ್ನೊಂದು ಬದಿಯಲ್ಲಿ, ಮುಸ್ಲಿಮರು ಒಡೆದದ್ದೇ ಹೊರತು ಕಟ್ಟಿದ್ದೇನೂ ಇಲ್ಲ ಎಂದು ಕೂಗುವ ವೇದಿಕೆಗಳಿಗೂ ಕೊರತೆಯಿಲ್ಲ. ಈ ಎರಡೂ ಕಡೆಯವರು ಕುರ್ತುಬಾದ ದಂತದ ಪೆಟ್ಟಿಗೆಗಳನ್ನು ಒಮ್ಮೆ ನೋಡಬೇಕು.

ಆನೆಯ ದಂತವನ್ನು ಅಡ್ಡಕ್ಕೆ ಕೊಯ್ದು, ಒಳಗೆ ಟೊಳ್ಳು ಮಾಡಿ, ಮೇಲೆ ಮುಚ್ಚಳ ಕೂರಿಸಿದ ಗೇಣುದ್ದದ ಡಬ್ಬಿಗಳವು. ಕಸ್ತೂರಿ, ಕರ್ಪೂರಗಳನ್ನು ಇಡಲು ಅರಮನೆಯವರಿಗೆಂದು ಮಾಡಿದಂಥವು. 968ರಲ್ಲಿ ರಾಜಕುಮಾರ ಅಲ್ ಮುಘೀರಾನಿಗಾಗಿ ಕೆತ್ತಿದ ಡಬ್ಬಿ ಇಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದರ ಮೈತುಂಬ ಮನುಷ್ಯರು, ವೀಣೆಯಂಥ ವಾದ್ಯ ಹಿಡಿದವರು, ಸಿಂಹಗಳು. ಚಿತ್ರ ಬರೆದ ಮಗುವಿನ ಕಿವಿ ಹಿಂಡುವ ನಮ್ಮ ಮೌಲಾನಾ ಸಾಹೇಬರು ಕುರ್ತುಬಾವನ್ನು ಹೊಗಳುವಾಗ ಈ ಡಬ್ಬಿಯನ್ನು ಮಾತ್ರ ಮರೆಯುತ್ತಾರೆ.

ಸ್ಪೇನಿನ ಪಾಂಪ್ಲೋನಾ ನಗರದ ನವಾರ್ರಾ ಸಂಗ್ರಹಾಲಯದಲ್ಲಿರುವ ಪೆಟ್ಟಿಗೆಯ ಕಥೆ ಇನ್ನೂ ವಿಚಿತ್ರ. ಕ್ರೈಸ್ತ ರಾಜ್ಯಗಳ ಮೇಲೆ ದಂಡೆತ್ತಿ ಹೋಗುತ್ತಿದ್ದ ಅಲ್ ಮನ್ಸೂರನ ಮಗ ಅಬ್ದುಲ್ ಮಲಿಕನಿಗಾಗಿ ಹಿಜರಿ 395ರಲ್ಲಿ, ಎಂದರೆ 1004–05ರಲ್ಲಿ, ಅದನ್ನು ಕೆತ್ತಲಾಯಿತು. ಅದೇ ಪೆಟ್ಟಿಗೆ ಮುಂದೆ ಲೇರೆಯ ಕ್ರೈಸ್ತ ಮಠವನ್ನು ಸೇರಿ, ಮುಸ್ಲಿಮ್ ಆಳ್ವಿಕೆಯಲ್ಲಿ ಕೊಲ್ಲಲ್ಪಟ್ಟ ನುನಿಲೋ, ಅಲೋದಿಯಾ ಎಂಬ ಇಬ್ಬರು ಹೆಣ್ಣುಮಕ್ಕಳ ಅವಶೇಷಗಳನ್ನು ಕಾಯಿತು. ಅರಬ್ಬಿ ದುವಾ ಕೆತ್ತಿದ ಪೆಟ್ಟಿಗೆಯನ್ನು ಆ ಪಾದ್ರಿಗಳು ಒಡೆಯಲಿಲ್ಲ, ಅಕ್ಷರಗಳನ್ನು ಹೆರೆಯಲೂ ಇಲ್ಲ. ಅದರ ಚಿತ್ರಗಳ ಸಂದಿಯಲ್ಲಿ ಕೆತ್ತಿದವರು ತಮ್ಮ ಹೆಸರನ್ನೂ ಸಣ್ಣಕ್ಷರಗಳಲ್ಲಿ ಬಿಟ್ಟುಹೋಗಿದ್ದಾರೆ: ಫರಜ್, ಮಿಸ್ಬಾಹ್, ಖೈರ್. ಸಾವಿರ ವರ್ಷದ ಮೇಲೂ ನಾವು ಅವರನ್ನು ಹೆಸರು ಹಿಡಿದು ಕರೆಯಬಹುದು.

ಈಗ ಮನೆಯ ಕಡೆಗೆ ಬರೋಣ. ಗೆಜ್ಜಲಗೆರೆಯಲ್ಲಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಶ್ರೀರಂಗಪಟ್ಟಣ. ಅಲ್ಲಿ ಹೈದರ್, ಟಿಪ್ಪು ಮಲಗಿರುವ ಗುಂಬಜಿನ ಬಾಗಿಲುಗಳಿಗೆ ದಂತದ ಕುಸುರಿಯಿದೆ. ಅವನ್ನು ಕೊಡಿಸಿದವನು ಲಾರ್ಡ್ ಡಾಲ್‌ಹೌಸಿ ಎಂದು ಮಾರ್ಗದರ್ಶಿಗಳು ಹೇಳುತ್ತಾರೆ. ಕೂರಿಸಿದ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ಟಿಪ್ಪುವಿನ ಹೆಸರಲ್ಲಿ ತಲೆ ಒಡೆದುಕೊಳ್ಳುವ ಎರಡೂ ಪಕ್ಷದವರು ಆ ಬಾಗಿಲನ್ನು ದಾಟಿಯೇ ಒಳಗೆ ಹೋಗುತ್ತಾರೆ.

ಅದೇ ಕಸುಬು ಮೈಸೂರಿನ ಮಂಡಿ ಮೊಹಲ್ಲಾದ ಗಲ್ಲಿಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಬೀಟೆ ಹಲಗೆಯ ಮೇಲೆ ಚಿತ್ರ ಬರೆದು, ಸಣ್ಣ ಗರಗಸದಲ್ಲಿ ಬಣ್ಣಬಣ್ಣದ ಮರದ ಚೂರು ಕೊಯ್ದು, ಹಲಗೆಯನ್ನು ಕೊರೆದು ಅಂಟಿಸಿ, ಉಪ್ಪುಕಾಗದ ಉಜ್ಜಿ ಪಾಲಿಶ್ ಮಾಡುವ ಕೆಲಸ. ಹಿಂದೆ ಬಿಳಿಗೆ ದಂತವಿತ್ತು. 1986ರ ಕಾನೂನು ತಿದ್ದುಪಡಿ ನಮ್ಮ ದೇಶದ ಆನೆಯ ದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿ ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ನಿಲ್ಲಿಸಿದ್ದು ಸರಿಯೇ. ಆನೆಯ ಪ್ರಾಣ ತೆಗೆದು ಮಾಡುವ ಅಂದ ನಮಗೆ ಬೇಡ. ಆದ್ದರಿಂದ ಈಗ ಬಿಳಿಗೆ ಪ್ಲಾಸ್ಟಿಕ್ ಬಂದಿದೆ.

ಈ ಕಸುಬುದಾರರಲ್ಲಿ ಬಹಳ ಮಂದಿ ಮುಸ್ಲಿಮರು. ಅವರು ಕೂರಿಸುವುದು ದಸರಾ ಮೆರವಣಿಗೆಯನ್ನು, ಗೀತೋಪದೇಶದ ಕೃಷ್ಣನನ್ನು. ಮಗನನ್ನು ಈ ಕೆಲಸಕ್ಕೆ ಹಚ್ಚಲು ಹೊರಟ ನಮ್ಮೂರ ಕಡೆಯ ತಂದೆಯೊಬ್ಬರಿಗೆ ಹಿರಿಯರೊಬ್ಬರು, "ಬುತ್ ಮಾಡೋ ಕೆಲಸಕ್ಕೆ ಕಳಿಸ್ತೀಯೇನಯ್ಯಾ?" ಎಂದದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಹುಡುಗ ಈಗ ಗ್ಯಾರೇಜಿನಲ್ಲಿದ್ದಾನೆ. ಅದೇ ಹಿರಿಯರು ಆ ವರ್ಷದ ಮೀಲಾದ್ ಸಭೆಯಲ್ಲಿ ಕುರ್ತುಬಾದ ವೈಭವಕ್ಕೆ ಕಣ್ಣೊರೆಸಿಕೊಂಡರು! ಇತ್ತ ಕೃಷ್ಣನ ಹಲಗೆಯನ್ನು ಹಾಲ್‌ನಲ್ಲಿ ತೂಗುಹಾಕಿಕೊಂಡವರು ಅದರ ಕೆಳಗೇ ಕುಳಿತು, ಈ ನಾಡಿಗೆ ಸಾಬರು ಕೊಟ್ಟದ್ದೇನು ಎಂದು ಪ್ರಶ್ನೆ ಹಾಕುತ್ತಾರೆ. ಅವರಿಗೆ ಉತ್ತರ ಗೋಡೆಯ ಮೇಲೇ ಇದೆ. ಆದರೆ ಅದಕ್ಕೆ ಸಹಿ ಇಲ್ಲ. ಅಂಗಡಿಯವನ ಚೀಟಿ ಇದೆ, ಬೆಲೆ ಇದೆ, ಮಾಡಿದವನ ಹೆಸರಿಲ್ಲ. ಸಾವಿರ ವರ್ಷದ ಹಿಂದಿನ ಆ ಕೆತ್ತನೆಗಾರರಿಗೆ ದಕ್ಕಿದ ಸಹಿ ನಮ್ಮ ಕಾಲದ ಸ್ವತಂತ್ರ ಪ್ರಜೆಗೆ ಏಕೆ ದಕ್ಕಬಾರದು?

ಹಲಗೆಯ ಹಿಂಬದಿಯಲ್ಲಾದರೂ ಹೆಸರು ಬರೆಯಿಸಿ ಎಂದು ಕೊಳ್ಳುವವರು ಅಂಗಡಿಯಲ್ಲಿ ಕೇಳಲಿ. ನಮ್ಮವರಿಗೆ ನಾವು ಕೇಳುವುದು ಇಷ್ಟು: ಮುಂದಿನ ಮೀಲಾದ್ ಸಭೆಗೆ ಮಂಡಿ ಮೊಹಲ್ಲಾದಿಂದ ಒಬ್ಬ ಕಸುಬುದಾರರನ್ನು ಕರೆದು, ಕುರ್ತುಬಾದ ಭಾಷಣಕ್ಕೆ ಮೊದಲು ವೇದಿಕೆಯ ಮೇಲೆ ಕೂರಿಸಿ. ಭಾಷಣಕಾರರಿಗೆ ಕೊಡುವ ಬಸ್ ಚಾರ್ಜು ಅವರಿಗೂ ಕೊಟ್ಟರಾಯಿತು.