ಸಿಪಾಯಿಗೂ ಸಾಹೇಬರಿಗೂ ಒಂದೇ ಎಂದವರಿಗೆ

ರಾಯಚೂರಿನ ವಸತಿಗೃಹವೊಂದರ ಮಾಲೀಕರಿಗೆ,



ನಿಮ್ಮ ಲಾಡ್ಜಿನ ಹೆಸರು ಇಲ್ಲಿ ಬರೆಯುವುದಿಲ್ಲ. ಓದಿದರೆ ನಿಮಗೂ ತಿಳಿಯುತ್ತದೆ, ದೇವದುರ್ಗ, ಮಾನ್ವಿ ಕಚೇರಿಗಳ ನೌಕರರಿಗೂ ತಿಳಿಯುತ್ತದೆ. ರಿಯಾಯಿತಿ ಕೊಡದ ಬಗ್ಗೆ ಕೌಂಟರಿನಲ್ಲಿ ಹೇಳಿದೆ, ಮ್ಯಾನೇಜರಿಗೆ ಎರಡು ಸಲ ಫೋನ್ ಮಾಡಿದೆ, ರಿಜಿಸ್ಟರ್ಡ್ ಪತ್ರ ಹಾಕಿದೆ. ಪತ್ರ ಮುಟ್ಟಿದ್ದಕ್ಕೆ ಸಹಿ ಬಂತು, ಉತ್ತರ ಬರಲಿಲ್ಲ.

2022ರ ಜುಲೈ 18ರಿಂದ ಸಾವಿರ ರೂಪಾಯಿಯೊಳಗಿನ ಕೋಣೆಗೂ ಶೇ 12 ಜಿಎಸ್‌ಟಿ ಬಿತ್ತಲ್ಲ, ಆ ತಿಂಗಳೇ ನೀವು ದೇವದುರ್ಗಕ್ಕೆ ಬಂದಿರಿ. ಗಿರಾಕಿ ತಪ್ಪುತ್ತಾರೆಂಬ ಚಿಂತೆ ನಿಮಗಿತ್ತು. ನಮ್ಮ ಕಚೇರಿಯಲ್ಲಿ ಚಹಾ ಕುಡಿಯುತ್ತ, "ಐಡಿ ತೋರಸ್ರಿ, ಇಪ್ಪತ್ತು ಪರ್ಸೆಂಟ್ ಕಡಿಮಿ. ಸಿಪಾಯಿಗೂ ಸಾಹೇಬ್ರಿಗೂ ಒಂದೇ" ಎಂದಿರಿ. ಆ ಮಾತು ನಂಬಿ ಮೂರು ವರ್ಷ ಬೇರೆ ಲಾಡ್ಜಿನ ಮೆಟ್ಟಿಲು ಹತ್ತಲಿಲ್ಲ.

ಕಳೆದ ಬಾರಿ ಆಡಿಟ್‌ಗೆಂದು ಮೂರು ರಾತ್ರಿ ರಾಯಚೂರಿನಲ್ಲಿ ಇರಬೇಕಿತ್ತು. ಕಡತದ ಗಂಟು ಹೊತ್ತು ನಾನೂ ಮಾನ್ವಿಯ ಸಹೋದ್ಯೋಗಿಯೂ ನಿಮ್ಮ ಕೌಂಟರ್ ಮುಟ್ಟುವಾಗ ರಾತ್ರಿ ಒಂಬತ್ತು. ನಿಮ್ಮ ಹುಡುಗ ನನ್ನ ಐಡಿ ಕಾರ್ಡನ್ನು ತಿರುವಿ ನೋಡಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, "ಮೇಡಂ, ಇದು ಸಾಹೇಬ್ರಿಗಷ್ಟೇ ಅದ, ಕ್ಲರ್ಕ್ ಮಂದಿಗಿಲ್ಲ" ಎಂದ. ಆ ಹೊತ್ತಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಗುರುತಿಲ್ಲದ ಲಾಡ್ಜ್ ಹುಡುಕಿಕೊಂಡು ಹೋಗಲಾಗುವುದಿಲ್ಲ. ಪೂರ್ತಿ ಬಾಡಿಗೆ ಕೊಟ್ಟು ಉಳಿದೆವು.

ಬಾಡಿಗೆಯ ಮಾತೂ ಬರಲಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಅಷ್ಟರಲ್ಲೇ ನಿಮ್ಮ ಬೋರ್ಡಿನ ದರ 900ರಿಂದ 1,150ಕ್ಕೆ ಏರಿತು. ಇದರಲ್ಲಿ ಶೇ 20 ಕಳೆದರೂ 920. ಅಂದರೆ ಸಾಹೇಬರಿಗೆ ಸಿಗುವ ರಿಯಾಯಿತಿ ದರವೇ ನಮ್ಮ ಹಳೆಯ ಪೂರ್ತಿ ಬಾಡಿಗೆಗಿಂತ ಹೆಚ್ಚು! ನಮ್ಮ ದರ್ಜೆಗೆ ಮಂಜೂರಾಗುವ ಭತ್ಯೆ ಇದಕ್ಕೆ ಸಾಲುವುದಿಲ್ಲ; ಉಳಿದದ್ದು ಕೈಯಿಂದಲೇ ಹೋಗುತ್ತದೆ. ಟಿಎ ಬಿಲ್ ಪಾಸಾಗಲು ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಸಾಹೇಬರಿಗೆ ತಂಗಲು ಸರ್ಕಾರಿ ಐಬಿ ಇದೆ, ಜೀಪಿದೆ, ಮನೆಗೆ ಹಿಂದಿರುಗಲು ಡ್ರೈವರ್ ಇದ್ದಾನೆ. ನಿಮ್ಮ ಕೋಣೆಗಳನ್ನು ವರ್ಷವಿಡೀ ತುಂಬಿದವರು ನಾವು: ಗುಮಾಸ್ತರು, ಅಂಗನವಾಡಿ ಮೇಲ್ವಿಚಾರಕಿಯರು, ಪಿಡಿಒಗಳು. 2018ರಲ್ಲಿ ರಾಯಚೂರು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿದ ಮೇಲೆ ನಮಗೆ ಸಭೆ, ತರಬೇತಿ ಒಂದಾದ ಮೇಲೊಂದು. ಹಾಗೆ ಬಂದವರನ್ನೇ ಕೌಂಟರಿನಲ್ಲಿ ಕೀಳುಮಾಡಿದಿರಿ. ಮಾನ್ವಿಯವರು ಈಗಾಗಲೇ ಬೇರೆ ಕಡೆ ಹೋಗುತ್ತಿದ್ದಾರೆ. ಅಲ್ಲಿ ರಿಯಾಯಿತಿಯೇ ಇಲ್ಲ, ಆದರೆ ಎಲ್ಲರಿಗೂ ಒಂದೇ ದರ, ಕೇಳುವ ಮೊದಲೇ ರಸೀದಿ.

ಜಿಲ್ಲಾಡಳಿತಕ್ಕೂ ಕೇಳುತ್ತೇನೆ. ತಾಲ್ಲೂಕಿನಿಂದ ಕರೆಸಿಕೊಂಡವರು ರಾತ್ರಿ ಎಲ್ಲಿ ಮಲಗಬೇಕೆಂದು ಯಾವ ಸಭೆಯಲ್ಲಾದರೂ ಚರ್ಚೆಯಾಗಿದೆಯೇ? ಐಬಿಯ ಎರಡು ಕೋಣೆಯನ್ನಾದರೂ ಮಹಿಳಾ ನೌಕರರಿಗೆ ಮೀಸಲಿಡಬಾರದೇ? ಭತ್ಯೆಯನ್ನು ಇವತ್ತಿನ ಬಾಡಿಗೆ ನೋಡಿ ಏಕೆ ನಿಗದಿ ಮಾಡುವುದಿಲ್ಲ?

ಮಾಲೀಕರೇ, ಮೂರು ರಾತ್ರಿಗೆ ಹೆಚ್ಚಾಗಿ ಪಡೆದ 690 ರೂಪಾಯಿ ವಾಪಸ್ ಕೊಡಿ. ಅದಕ್ಕಿಂತ ಮೊದಲು ದೇವದುರ್ಗಕ್ಕೆ ಇನ್ನೊಮ್ಮೆ ಬನ್ನಿ. ಆ ದಿನ ಚಹಾ ತಂದುಕೊಟ್ಟ ಸಿಪಾಯಿ ಇನ್ನೂ ನಮ್ಮ ಕಚೇರಿಯಲ್ಲೇ ಇದ್ದಾರೆ. ರಿಯಾಯಿತಿ ಸಾಹೇಬರಿಗಷ್ಟೇ ಎಂಬುದನ್ನು ಅವರ ಮುಖ ನೋಡಿ ಹೇಳಿ.

ಇತಿ,
ದೇವದುರ್ಗದ ಒಬ್ಬ ಪ್ರಥಮ ದರ್ಜೆ ಸಹಾಯಕಿ