ಚಿನ್ನದ ತೂಕ, ಕೈಯ ಬೆಲೆ

ಒಡವೆ ಎಂದೊಡನೆ ನಾವು ಕೇಳುವ ಮೊದಲ ಮಾತು 'ಎಷ್ಟು ತೊಲ?' ಎಂಬುದು. ಎರಡನೆಯದು 'ಇಂದಿನ ದರವೇನು?' ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಯಾವ ಊರಿನ ಸರಾಫರ ಅಂಗಡಿಯಲ್ಲಿಯೂ 'ಇದನ್ನು ಮಾಡಿದವರು ಯಾರು?' ಎಂದು ಕೇಳಿದವರನ್ನು ನಾವು ಕಂಡಿಲ್ಲ. ನಾವೂ ಕೇಳಿದವರಲ್ಲ. ಅಕ್ಕಸಾಲಿಗನ ಶ್ರಮವು ಚೀಟಿಯ ಕೊನೆಯ ಸಾಲಿನಲ್ಲಿ 'ಮಜೂರಿ' ಎಂದು ಬರುತ್ತದೆ. ಚೌಕಾಸಿ ನಡೆಯುವುದೂ ಅಲ್ಲಿಯೇ.

ಈ ಮೂರನೆಯ ಪ್ರಶ್ನೆಯನ್ನೇ ಬಾಳಿನ ಕೆಲಸ ಮಾಡಿಕೊಂಡವರು ಅಮೆರಿಕದ ಫಿಲಡೆಲ್ಫಿಯಾ ನಗರದ ಹೆಲೆನ್ ಡ್ರಟ್ ಎಂಬ ಮಹಿಳೆ. 1970ರ ದಶಕದ ಮೊದಲಲ್ಲಿ ಅವರು ಕಲಾಕೃತಿಗಳನ್ನು ಪ್ರದರ್ಶಿಸಿ ಮಾರುವ ಗ್ಯಾಲರಿಯೊಂದನ್ನು ತೆರೆದು, ಕುಂಬಾರಿಕೆ, ನೇಯ್ಗೆಗಳ ಜೊತೆಗೆ ಹೊಸ ಬಗೆಯ ಆಭರಣಗಳನ್ನೂ ಚಿತ್ರ, ಶಿಲ್ಪಗಳ ಸಮಕ್ಕೆ ಇಟ್ಟರು. ಕಾಲೇಜಿನಲ್ಲಿ ಕರಕುಶಲದ ಇತಿಹಾಸವನ್ನು ಪಾಠವನ್ನಾಗಿಯೂ ಹೇಳಿದರು. (ಇದು ಪಾಠ ಹೇಳುವ ನಮಗೆ ವಿಶೇಷವಾಗಿ ಹಿಡಿಸಿದ ಸಂಗತಿ.) ಅವರು ಕೂಡಿಸಿದ ನೂರಾರು ಆಭರಣಗಳನ್ನು 2002ರಲ್ಲಿ ಹ್ಯೂಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯವು ಪಡೆದುಕೊಂಡಿತು.

ಆ ಬಗೆಯ ಆಭರಣ ಹೇಗಿರುತ್ತದೆ? ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಓಟೋ ಕ್ಯೂನ್ಸ್‌ಲಿ ಎಂಬ ಕಲಾವಿದರು 1980ರಲ್ಲಿ ಕಪ್ಪು ರಬ್ಬರಿನ ಬಳೆಯೊಂದನ್ನು ಮಾಡಿದರು. ಅದರೊಳಗೆ ಚಿನ್ನದ ಗುಂಡೊಂದು ಅಡಗಿದೆ. ಹೊರಗೆ ಕಾಣುವುದು ಉಬ್ಬು ಮಾತ್ರ. ಬಳೆಯ ಹೆಸರು 'ಚಿನ್ನ ಕುರುಡಾಗಿಸುತ್ತದೆ'. ಚಿನ್ನ ನೋಡಲೇಬೇಕೆಂದರೆ ಬಳೆಯನ್ನು ಕೊಯ್ಯಬೇಕು!

ಇದು ಉಳ್ಳವರ ಆಟವೆಂದು ಪಾಲಕರು ನಗಬಹುದು. ಮಳೆ ಕೈಕೊಟ್ಟಾಗ, ಆಸ್ಪತ್ರೆಗೆ ಓಡುವಾಗ ಒದಗುವುದು ಚಿನ್ನವೇ ಎಂಬುದನ್ನು ನಾವು ಬಲ್ಲೆವು. ಅಡವಿಟ್ಟು ಮಕ್ಕಳನ್ನು ಓದಿಸಿದ ತಾಯಂದಿರನ್ನೂ ಬಲ್ಲೆವು. ಆದರೆ ಚಿನ್ನವಿಲ್ಲದೆಯೂ ಆಭರಣವುಂಟು ಎಂಬುದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಜಹೀರಾಬಾದಿನಿಂದ ಸುಮಾರು 30 ಕಿಲೋಮೀಟರ್ ದೂರದ ಬೀದರಿನಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹೂದಾನಿ, ಹುಕ್ಕಾಗಳಷ್ಟೇ ಅಲ್ಲ, ಬಳೆ, ಓಲೆ, ಪದಕಗಳೂ ಹೀಗೆ ಆಗುತ್ತವೆ. ಈ ಕಲೆಯ ಶಾಹ್ ರಶೀದ್ ಅಹ್ಮದ್ ಕಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಮೊದಲ ಅಧ್ಯಕ್ಷರಾಗಿ ಇಂಥ ಕೈಗಳಿಗಾಗಿ ದೇಶವೆಲ್ಲ ತಿರುಗಿದರು.

ಇನ್ನು ನಮ್ಮ ತಾಂಡಾಗಳ ಮಾತು. ಲಂಬಾಣಿ ಅಜ್ಜಿಯರ ಕೆನ್ನೆಯ ಮಗ್ಗುಲಲ್ಲಿ ಜೋಲುವ ಘೂಗ್ರಿ, ಟೋಪ್ಲಿಗಳನ್ನು ಯಾರು ನೋಡಿಲ್ಲ? ನಮ್ಮ ತರಗತಿಯ ಹುಡುಗಿಯೊಬ್ಬಳು ಹೊಸ ಕಾಲ್ಗೆಜ್ಜೆ ಹಾಕಿಕೊಂಡು ಬಂದಳು. ಅಜ್ಜಿಯ ಘೂಗ್ರಿಯನ್ನು ಕರಗಿಸಿ ಮಾಡಿಸಿದ್ದಂತೆ. ಬೆಳ್ಳಿಗೆ ಬೆಳ್ಳಿ ತೂಗಿದರು, ಕೆಲಸಕ್ಕೆ ಬಿಡಿಗಾಸೂ ಹಿಡಿಯಲಿಲ್ಲ. ಹಳೆಯದನ್ನು ಮಾಡಿದವರು ಯಾರೆಂದು ಕೇಳಿದೆವು. ಅವಳಿಗೆ ತಿಳಿಯದು. ಮರುದಿನ ಬಂದು ಹೇಳಿದಳು: ಅಜ್ಜಿಗೆ ಅವನ ಹೆಸರು, ಊರು, ಅವನು ಕುಳಿತು ಬಡಿಯುತ್ತಿದ್ದ ಬೇವಿನ ಮರ ಎಲ್ಲವೂ ನೆನಪಿದೆಯಂತೆ.

ಆದುದರಿಂದ ವಿದ್ಯಾರ್ಥಿಗಳೇ, ಮುಂದಿನ ವಾರ್ಷಿಕೋತ್ಸವಕ್ಕೆ ಮನೆಯ ಹಳೆಯ ಒಡವೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿರಿ. ಒಡವೆ ತರುವುದು ಬೇಡ, ಚಿತ್ರ ಸಾಕು. ಕೆಳಗೆ ಒಡವೆಯ ಹೆಸರು, ಮಾಡಿದವರ ಹೆಸರು, ಊರು ಇರಲಿ. ತೂಕ ಬರೆಯಬೇಡಿರಿ.